ಕಣ್ಣಳತೆಯ ಇಳಿತ: ವಿಮಾನ ಚಾಲಕರ ಮೇಲೆ ಅನ್ಯಾಯದ ಹೊರೆಯೇ?

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಜುಹೂ ವಿಮಾನ ನಿಲ್ದಾಣದ ಪರಿಚಯ ಇದ್ದೇ ಇರುತ್ತದೆ. ಇಂದು ಹೆಚ್ಚಾಗಿ ಹೆಲಿಕಾಪ್ಟರುಗಳಿಗೆ ಮೀಸಲಾಗಿರುವ ಈ ಪುಟ್ಟ ನಿಲ್ದಾಣದಲ್ಲಿ ಒಮ್ಮೆಯಲ್ಲ, ಎರಡು ಬಾರಿ ಬೃಹತ್ ಜೆಟ್ ವಿಮಾನಗಳು ತಪ್ಪಿ ಬಂದು ಇಳಿದಿವೆ. 1953ರ ಜುಲೈ ತಿಂಗಳಿನಲ್ಲಿ ಬ್ರಿಟನ್ನಿನ ಬಿ.ಒ.ಎ.ಸಿ. ಸಂಸ್ಥೆಯ ಕಾಮೆಟ್ ವಿಮಾನವು ಸಾಂತಾಕ್ರೂಜ್‌ನಲ್ಲಿ ಇಳಿಯುವ ಬದಲು ಜುಹೂವಿನಲ್ಲಿ ಇಳಿಯಿತು. ಮುಂದೆ 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿ.ಸಿ.-8 ವಿಮಾನವೂ ಅದೇ ತಪ್ಪನ್ನು ಮಾಡಿ, ರನ್‌ವೇ ಸಾಲದೆ ಅದರ ತುದಿಯನ್ನು ದಾಟಿ ನಿಂತಿತು. ಪುಣ್ಯವಶಾತ್ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ.

ಈ ಚಾಲಕರು ಅನನುಭವಿಗಳೇನೂ ಆಗಿರಲಿಲ್ಲ. ಜುಹೂ ಮತ್ತು ಸಾಂತಾಕ್ರೂಜ್ ನಿಲ್ದಾಣಗಳ ನಡುವೆ ಇರುವ ಅಂತರ ಕೆಲವೇ ಕಿಲೋಮೀಟರ್. ಎರಡೂ ಕಡೆಯ ರನ್‌ವೇಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖಮಾಡಿವೆ. ಮೇಲಿನಿಂದ ನೋಡುವ ಕಣ್ಣಿಗೆ ಕಂಡದ್ದು ರನ್‌ವೇಯೇ ಹೌದು, ಆದರೆ ಅದು ಇಳಿಯಬೇಕಾದ ರನ್‌ವೇ ಆಗಿರಲಿಲ್ಲ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಹಿರಿಯರ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕಣ್ಣನ್ನೇ ನಂಬಿ ವಿಮಾನವನ್ನು ಇಳಿಸುವ ಈ ಪದ್ಧತಿಗೆ ವಾಯುಯಾನದ ಪರಿಭಾಷೆಯಲ್ಲಿ ‘ವಿಷುವಲ್ ಅಪ್ರೋಚ್’ ಎಂದು ಹೆಸರು. ಇಂದಿಗೂ ಜಗತ್ತಿನ ಅನೇಕ ದೊಡ್ಡ ನಿಲ್ದಾಣಗಳಲ್ಲಿ ಇದು ನಿತ್ಯದ ರೂಢಿ. ಈ ಪದ್ಧತಿಯು ವಿಮಾನ ಚಾಲಕರ ಮೇಲೆ ನ್ಯಾಯವಲ್ಲದ ಹೊರೆಯನ್ನು ಹೊರಿಸುತ್ತಿದೆಯೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ವಾಯುಯಾನ ವಲಯದಲ್ಲಿ ಚರ್ಚೆಗೆ ಬಂದಿದೆ. ಊರಿಗೆ ಹೋಗಿಬರಲು, ಮಕ್ಕಳು ಮೊಮ್ಮಕ್ಕಳನ್ನು ಕಾಣಲು ವಿಮಾನವನ್ನೇ ಆಶ್ರಯಿಸಿರುವ ನಮ್ಮಂತಹ ಕುಟುಂಬಗಳಿಗೂ ಇದು ಸಂಬಂಧಪಟ್ಟ ಪ್ರಶ್ನೆಯಾದ್ದರಿಂದ ಅದನ್ನು ಸರಳವಾಗಿ ವಿವರಿಸುವ ಪ್ರಯತ್ನ ಇಲ್ಲಿದೆ.

ಇಳಿಯುವ ಎರಡು ಬಗೆ

ವಿಮಾನವೊಂದು ನೆಲಕ್ಕಿಳಿಯುವಾಗ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಜಾರಿ ಬರಬೇಕು. ಲೆಕ್ಕ ಸುಲಭವಾದುದು: ರನ್‌ವೇಯಿಂದ ಹತ್ತು ನಾಟಿಕಲ್ ಮೈಲಿ ದೂರದಲ್ಲಿರುವಾಗ ಅದರ ಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರ, ಐದು ಮೈಲಿಯಲ್ಲಿ 1500 ಅಡಿ. 140 ನಾಟ್ ವೇಗದಲ್ಲಿ ಬರುವ ವಿಮಾನವು ನಿಮಿಷಕ್ಕೆ 700ರಿಂದ 750 ಅಡಿಯಷ್ಟು ಕೆಳಗಿಳಿಯುತ್ತಿರಬೇಕು. ಎತ್ತರ, ವೇಗ, ದಿಕ್ಕು ಇವು ಮೂರೂ ಏಕಕಾಲದಲ್ಲಿ ಸರಿಹೊಂದಿದರೆ ಮಾತ್ರ ಇಳಿತ ಸುಗಮ.

ಉಪಕರಣಗಳ ನೆರವಿನ ಇಳಿತದಲ್ಲಿ ಈ ಹೊಂದಾಣಿಕೆಗೆ ನೆಲದಿಂದಲೇ ಸಹಾಯ ದೊರೆಯುತ್ತದೆ. ಐ.ಎಲ್.ಎಸ್. ಎಂದು ಕರೆಯಲ್ಪಡುವ ವ್ಯವಸ್ಥೆಯು ರನ್‌ವೇಯ ಬಳಿಯಿಂದ ಎರಡು ರೇಡಿಯೋ ಕಿರಣಗಳನ್ನು ಹೊರಸೂಸುತ್ತದೆ. ಒಂದು ಎಡ-ಬಲಗಳನ್ನೂ, ಇನ್ನೊಂದು ಮೇಲು-ಕೆಳಗನ್ನೂ ತಿಳಿಸುತ್ತದೆ. ಮೋಡ, ಮಂಜು, ಕತ್ತಲು ಏನಿದ್ದರೂ ಚಾಲಕನ ಮುಂದಿರುವ ಸೂಚಕವು ದಾರಿ ತೋರುತ್ತದೆ. ಸ್ವಯಂಚಾಲಕ ಯಂತ್ರವು ಆ ದಾರಿಯನ್ನು ತಾನೇ ಹಿಡಿಯಬಲ್ಲದು. ಇಳಿಯಲಾಗದಿದ್ದರೆ ಮರಳಿ ಮೇಲೇರುವ ಮಾರ್ಗವೂ ನಕ್ಷೆಯಲ್ಲಿ ಮೊದಲೇ ನಿಗದಿಯಾಗಿರುತ್ತದೆ.

ವಿಷುವಲ್ ಅಪ್ರೋಚ್‌ನಲ್ಲಿ ಹಾಗಲ್ಲ. ಆಕಾಶ ನಿರ್ಮಲವಾಗಿದ್ದು, ರನ್‌ವೇಯಾಗಲಿ ಮುಂದೆ ಸಾಗುತ್ತಿರುವ ವಿಮಾನವಾಗಲಿ ಕಣ್ಣಿಗೆ ಕಂಡರೆ, ನಿಯಂತ್ರಣ ಗೋಪುರವು ಚಾಲಕನಿಗೆ ಕಣ್ಣಳತೆಯಲ್ಲಿ ಇಳಿಯಲು ಅನುಮತಿ ನೀಡುತ್ತದೆ. ಅಮೆರಿಕದ ನಿಯಮದಂತೆ ಮೋಡದ ಮಟ್ಟ ಕನಿಷ್ಠ 1000 ಅಡಿಯೂ ಗೋಚರತೆ ಕನಿಷ್ಠ ಮೂರು ಮೈಲಿಯೂ ಇದ್ದರೆ ಇದಕ್ಕೆ ಅವಕಾಶವುಂಟು. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ‘ಪಾಪಿ’ ಎಂಬ ಸಾಲೊಂದು ಇರುತ್ತದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿಯಾಗಿದೆಯೆಂದು ಅರ್ಥ. ನಾಲ್ಕೂ ಕೆಂಪಾದರೆ ಅಪಾಯಕರವಾಗಿ ಕೆಳಗಿದ್ದೀರಿ ಎಂದು ಎಚ್ಚರಿಕೆ. ಉಳಿದ ಲೆಕ್ಕಾಚಾರವೆಲ್ಲ ಚಾಲಕನದು.

ಇಲ್ಲಿ ಪ್ರಯಾಣಿಕರಾದ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. “ಮುಂದಿನ ವಿಮಾನ ಕಾಣುತ್ತಿದೆ” ಎಂದು ಚಾಲಕನು ರೇಡಿಯೋದಲ್ಲಿ ಹೇಳಿ, ಅದನ್ನು ಹಿಂಬಾಲಿಸಲು ಒಪ್ಪಿದ ಕ್ಷಣದಿಂದ ಆ ವಿಮಾನದೊಡನೆ ಅಂತರ ಕಾಯ್ದುಕೊಳ್ಳುವ ಹೊಣೆಯೂ, ಅದರ ರೆಕ್ಕೆಗಳ ಹಿಂದೆ ಏಳುವ ಗಾಳಿಯ ಸುಳಿಯಿಂದ ಪಾರಾಗುವ ಹೊಣೆಯೂ ಗೋಪುರದಿಂದ ಚಾಲಕನ ಹೆಗಲಿಗೆ ವರ್ಗವಾಗುತ್ತವೆ. ಕೆಲವೇ ಪದಗಳ ಉತ್ತರದಲ್ಲಿ ಇಷ್ಟು ದೊಡ್ಡ ಹೊಣೆ ಕೈಬದಲಾಗುತ್ತದೆ.

ನಿಲ್ದಾಣಗಳಿಗೆ ಇದೇಕೆ ಪ್ರಿಯ?

ಉತ್ತರ ಒಂದೇ: ದಟ್ಟಣೆ. ಉಪಕರಣಗಳ ನೆರವಿನಿಂದ ಇಳಿಯುವಾಗ ವಿಮಾನಗಳ ನಡುವೆ ನಿಗದಿತ ಮೈಲಿಗಳ ಅಂತರವನ್ನು ನಿಯಂತ್ರಕರು ಕಡ್ಡಾಯವಾಗಿ ಉಳಿಸಬೇಕು. ಚಾಲಕರೇ ಪರಸ್ಪರ ನೋಡಿಕೊಂಡು ಬರುವುದಾದರೆ ಅಂತರವನ್ನು ತಗ್ಗಿಸಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿನ ಎರಡು ಸಮಾನಾಂತರ ರನ್‌ವೇಗಳ ಮಧ್ಯರೇಖೆಗಳ ನಡುವೆ ಇರುವ ಅಂತರ ಕೇವಲ 750 ಅಡಿ. ದಶಕಗಳ ಕಾಲ ಅಲ್ಲಿ ಎರಡೆರಡು ವಿಮಾನಗಳು ಜೋಡೆತ್ತುಗಳಂತೆ ಅಕ್ಕಪಕ್ಕದಲ್ಲಿ ಇಳಿದು ಬರುವ ದೃಶ್ಯ ಸಾಮಾನ್ಯವಾಗಿತ್ತು. ಹವೆ ಚೆನ್ನಾಗಿದ್ದರೆ ಗಂಟೆಗೆ 60ರ ಆಸುಪಾಸಿನಲ್ಲಿ ವಿಮಾನಗಳು ಇಳಿಯುತ್ತಿದ್ದವು. ಮೋಡ ಕವಿದು ಕಣ್ಣಳತೆ ಸಾಧ್ಯವಾಗದೆ ಹೋದಾಗ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಅಂದರೆ ನಿಲ್ದಾಣದ ವೇಳಾಪಟ್ಟಿಯೇ ಚಾಲಕನ ಕಣ್ಣಿನ ಮೇಲೆ ನಿಂತಿತ್ತು ಎಂದಾಯಿತು. ಇಂಧನ ಉಳಿತಾಯ, ಸುತ್ತುಬಳಸಿನ ತಪ್ಪುವಿಕೆ, ವಸತಿ ಪ್ರದೇಶಗಳಿಗೆ ಶಬ್ದದ ಕಿರಿಕಿರಿ ಕಡಿಮೆಯಾಗುವುದು ಇತ್ಯಾದಿ ಲಾಭಗಳೂ ಇವೆ. ಈ ಲಾಭಗಳಲ್ಲಿ ಪ್ರಯಾಣಿಕರಾದ ನಮಗೂ ಪಾಲಿದೆ ಎಂಬುದನ್ನು ಮರೆಯಲಾಗದು.

2013: ಹಗಲಿನ ಬೆಳಕಿನಲ್ಲಿ ನಡೆದ ದುರಂತ

2013ರ ಜುಲೈ 6ರಂದು ದಕ್ಷಿಣ ಕೊರಿಯಾದಿಂದ ಹೊರಟ ಏಷಿಯಾನಾ ಏರ್‌ಲೈನ್ಸ್‌ನ 214ನೆಯ ಸಂಖ್ಯೆಯ ಬೋಯಿಂಗ್ 777 ವಿಮಾನವು ಇದೇ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವನ್ನು ಸಮೀಪಿಸುತ್ತಿತ್ತು. ವಿಮಾನದಲ್ಲಿ 307 ಜನರಿದ್ದರು. ಆಕಾಶದಲ್ಲಿ ಮೋಡವಿರಲಿಲ್ಲ. ಆದರೆ ರನ್‌ವೇಯ ಬಳಿ ಕಾಮಗಾರಿ ನಡೆಯುತ್ತಿದ್ದ ಕಾರಣ ಎತ್ತರ ಸೂಚಿಸುವ ರೇಡಿಯೋ ಕಿರಣವು ಜೂನ್ ತಿಂಗಳಿನಿಂದಲೇ ಸ್ಥಗಿತವಾಗಿತ್ತು. ನಿಯಂತ್ರಕರು ವಿಷುವಲ್ ಅಪ್ರೋಚ್‌ಗೆ ಅನುಮತಿ ನೀಡಿ, ರನ್‌ವೇಯಿಂದ ಐದು ಮೈಲಿ ದೂರದವರೆಗೆ 180 ನಾಟ್ ವೇಗವನ್ನು ಕಾಯ್ದುಕೊಳ್ಳಲು ಸೂಚಿಸಿದರು.

ವಿಮಾನವನ್ನು ನಡೆಸುತ್ತಿದ್ದ ಕ್ಯಾಪ್ಟನ್ನರಿಗೆ ಇತರ ವಿಮಾನಗಳಲ್ಲಿ ದೀರ್ಘ ಅನುಭವವಿತ್ತಾದರೂ 777ರಲ್ಲಿ 45 ಗಂಟೆಗಳಷ್ಟೂ ಆಗಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರಿಗೆ ಬೋಧಕರಾಗಿ ಅದು ಮೊದಲನೆಯ ಹಾರಾಟ. ವಿಮಾನವು ಇರಬೇಕಾದುದಕ್ಕಿಂತ ಮೇಲೆ ಇದ್ದುದರಿಂದ ಅದನ್ನು ಬೇಗ ಇಳಿಸುವ ಯತ್ನದಲ್ಲಿ ಚಾಲಕರು ಸ್ವಯಂಚಾಲಕದ ವಿಧಾನವೊಂದನ್ನು ಆರಿಸಿದರು. ಅನಂತರ ಎಂಜಿನ್ನಿನ ಶಕ್ತಿಯನ್ನು ಕೈಯಿಂದ ತಗ್ಗಿಸಿದರು. ಇವೆರಡರ ಸಂಯೋಗದಿಂದ, ವೇಗವನ್ನು ತಾನಾಗಿಯೇ ಕಾಯುವ ವ್ಯವಸ್ಥೆಯು ಸುಮ್ಮನಾಯಿತು. ಅದು ಕೆಲಸ ಮಾಡುತ್ತಿದೆ ಎಂದೇ ಎಲ್ಲರೂ ಭಾವಿಸಿದ್ದರು. ಇಳಿಯಲು ಬೇಕಾಗಿದ್ದ ವೇಗ 137 ನಾಟ್. ಅದು ಕುಸಿಯುತ್ತ ಕುಸಿಯುತ್ತ 103ರವರೆಗೆ ಬಂತು. ಮರಳಿ ಮೇಲೇರುವ ನಿರ್ಧಾರವಾದದ್ದು ಕಟ್ಟಕಡೆಯ ಸೆಕೆಂಡುಗಳಲ್ಲಿ. ವಿಮಾನದ ಹಿಂಭಾಗವು ಸಮುದ್ರ ತಡೆಗೋಡೆಗೆ ಬಡಿದು ತುಂಡಾಯಿತು. ಮೂವರು ಮೃತಪಟ್ಟರು, ಬಹಳ ಮಂದಿ ಗಾಯಗೊಂಡರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2014ರಲ್ಲಿ ನೀಡಿದ ತೀರ್ಮಾನದಲ್ಲಿ ಚಾಲಕರ ಲೋಪವನ್ನು ಸ್ಪಷ್ಟವಾಗಿ ಎತ್ತಿ ಹೇಳಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಯಂಚಾಲಕ ವ್ಯವಸ್ಥೆಯ ಜಟಿಲತೆ, ಅದರ ಬಗ್ಗೆ ನೀಡಲಾದ ವಿವರಣೆ ಹಾಗೂ ತರಬೇತಿಯ ಕೊರತೆ, ಚಾಲಕರ ಆಯಾಸ ಇವುಗಳನ್ನೂ ಹೆಸರಿಸಿತು. ಕೈಯಿಂದ ಹಾರಿಸುವುದಕ್ಕೆ ಸಂಸ್ಥೆಯ ನೀತಿ ಪ್ರೋತ್ಸಾಹ ನೀಡುತ್ತಿರಲಿಲ್ಲ ಎಂಬುದೂ ತನಿಖೆಯಲ್ಲಿ ಕಂಡುಬಂತು. ಎತ್ತರ ಸೂಚಕವಿಲ್ಲದೆ ಕಣ್ಣಳತೆಯಲ್ಲಿ ಇಳಿಸುವುದರ ಬಗ್ಗೆ ತಮಗೆ ಆತಂಕವಿತ್ತೆಂದು ಆ ಕ್ಯಾಪ್ಟನ್ನರು ತನಿಖಾಧಿಕಾರಿಗಳ ಮುಂದೆ ಒಪ್ಪಿಕೊಂಡರು. ಆತಂಕವಿದ್ದರೂ ಬೇಡವೆಂದು ಹೇಳಲಿಲ್ಲ. ನಮ್ಮ ಪ್ರಶ್ನೆಯ ಮರ್ಮ ಇರುವುದು ಈ ಮೌನದಲ್ಲಿ.

1990: ನಮ್ಮದೇ ನೆನಪು

ಏಷಿಯಾನಾ ದುರಂತದ ವಿವರಗಳನ್ನು ಓದಿದ ಹಿರಿಯ ಓದುಗರಿಗೆ 1990ರ ಫೆಬ್ರವರಿ 14 ನೆನಪಾಗದಿರದು. ಅಂದು ಮುಂಬಯಿಯಿಂದ ಬೆಂಗಳೂರಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ಸಂಖ್ಯೆಯ ಏರ್‌ಬಸ್ 320 ವಿಮಾನವು ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಅಸುನೀಗಿದರು. ನಡುಹಗಲು, ತಿಳಿಯಾದ ಹವೆ, ಕಣ್ಣೆದುರಿಗೆ ರನ್‌ವೇ. ಅಲ್ಲಿಯೂ ಒಬ್ಬ ಕ್ಯಾಪ್ಟನ್ನರು ಇನ್ನೊಬ್ಬರ ಪರೀಕ್ಷೆಯಡಿ ವಿಮಾನ ನಡೆಸುತ್ತಿದ್ದರು. ಹಿಂದಿನ ವರ್ಷವಷ್ಟೇ ಸಂಸ್ಥೆಗೆ ಸೇರಿದ್ದ ಹೊಸ ತಂತ್ರಜ್ಞಾನದ ವಿಮಾನವದು. ಅಲ್ಲಿಯೂ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿಯೇ ಇರುವ ಇಳಿತದ ವಿಧಾನವೊಂದು ಚಾಲನೆಯಲ್ಲಿ ಉಳಿದು, ವೇಗ ಕುಸಿಯುತ್ತಿರುವುದು ಸಕಾಲದಲ್ಲಿ ಗಮನಕ್ಕೆ ಬರಲಿಲ್ಲ. ಜೆಟ್ ಎಂಜಿನ್ ಪೂರ್ಣ ಶಕ್ತಿ ಪಡೆಯಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಅಂದು ಉಳಿದಿರಲಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದ ತನಿಖಾ ನ್ಯಾಯಾಲಯವು, ಎತ್ತರ ಮತ್ತು ವೇಗಗಳು ಕುಸಿದ ಗಾಂಭೀರ್ಯವನ್ನು ಅರಿತು ತಕ್ಷಣ ಶಕ್ತಿ ಹೆಚ್ಚಿಸುವಲ್ಲಿ ಚಾಲಕರು ವಿಫಲರಾದರೆಂದು ತೀರ್ಮಾನಿಸಿತು. ಹೊಸ ಯಂತ್ರವನ್ನು ಚಾಲಕರ ಕೈಗಿತ್ತ ರೀತಿ, ತರಬೇತಿಯ ಪರ್ಯಾಪ್ತತೆ ಇವುಗಳ ಬಗ್ಗೆ ಆಗ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 23 ವರ್ಷಗಳ ಅಂತರದಲ್ಲಿ ಎರಡು ಖಂಡಗಳಲ್ಲಿ ನಡೆದ ಈ ಎರಡು ಘಟನೆಗಳ ಹೋಲಿಕೆ ಬೆಚ್ಚಿಬೀಳಿಸುವಂತಿದೆ. ಎರಡರಲ್ಲಿಯೂ ಕಣ್ಣುಗಳು ಹೊರಗಿನ ರನ್‌ವೇಯ ಮೇಲಿದ್ದವು. ವೇಗವನ್ನು ಯಂತ್ರ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಮನಸ್ಸಿನಲ್ಲಿತ್ತು.

2017: ಕತ್ತಲಿನಲ್ಲಿ ಕಣ್ಣು ಮಾಡಿದ ಮೋಸ

2017ರ ಜುಲೈ 7ರ ರಾತ್ರಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ. ಟೊರಾಂಟೊದಿಂದ 140 ಜನರನ್ನು ಹೊತ್ತು ಬಂದ ಏರ್ ಕೆನಡಾದ ಏರ್‌ಬಸ್ 320 ವಿಮಾನದ ಚಾಲಕರು ಬಲಗಡೆಯ ರನ್‌ವೇಯಲ್ಲಿ ಕಣ್ಣಳತೆಯಿಂದ ಇಳಿಯಬೇಕಾಗಿತ್ತು. ಎಡಗಡೆಯ ರನ್‌ವೇಯನ್ನು ಕಾಮಗಾರಿಗಾಗಿ ಮುಚ್ಚಿ ಅದರ ದೀಪಗಳನ್ನು ಆರಿಸಲಾಗಿತ್ತು. ಎರಡು ಬೆಳಕಿನ ಪಟ್ಟಿಗಳನ್ನು ನಿರೀಕ್ಷಿಸಿದ್ದ ಚಾಲಕರಿಗೆ ಎರಡು ಪಟ್ಟಿಗಳೇ ಕಂಡವು. ಆದರೆ ಬಲಗಡೆಯದು ರನ್‌ವೇ ಆಗಿರಲಿಲ್ಲ; ಅದು ನಾಲ್ಕು ವಿಮಾನಗಳು ಸರತಿಯಲ್ಲಿ ನಿಂತಿದ್ದ ಟ್ಯಾಕ್ಸಿ ಪಥ. ನೆಲದ ಮೇಲಿದ್ದ ಚಾಲಕರೊಬ್ಬರು ರೇಡಿಯೋದಲ್ಲಿ ಎಚ್ಚರಿಸಿದರು; ಬರುತ್ತಿದ್ದ ಚಾಲಕರೂ ಏನೋ ತಪ್ಪಿದೆಯೆಂದು ಅರಿತು ವಿಮಾನವನ್ನು ಮೇಲೆತ್ತಿದರು. ನೆಲದಿಂದ ಕನಿಷ್ಠ ಎತ್ತರ ಸುಮಾರು 60 ಅಡಿ ಮಾತ್ರ. ಕೂದಲೆಳೆಯ ಅಂತರದಲ್ಲಿ ನೂರಾರು ಜೀವಗಳು ಉಳಿದವು.

ರನ್‌ವೇ ಮುಚ್ಚಿರುವ ಸೂಚನೆಯು ಚಾಲಕರಿಗೆ ನೀಡಲಾಗಿದ್ದ ಮಾಹಿತಿಯ ಕಂತೆಯಲ್ಲಿತ್ತು, ಆದರೆ ಅದು ಅವರ ಮನಸ್ಸಿನಲ್ಲಿ ಉಳಿದಿರಲಿಲ್ಲ. ಆ ಇಳಿತಕ್ಕೆ ಪೂರಕವಾಗಿ ಕೈಯಿಂದ ಹೊಂದಿಸಬೇಕಾಗಿದ್ದ ರೇಡಿಯೋ ತರಂಗಾಂತರವೂ ಹೊಂದಿಕೆಯಾಗಿರಲಿಲ್ಲ. ಈ ಘಟನೆಯ ಬಳಿಕ, ಪಕ್ಕದ ಸಮಾನಾಂತರ ರನ್‌ವೇ ಮುಚ್ಚಿದ್ದಾಗ ರಾತ್ರಿ ಹೊತ್ತು ಅಲ್ಲಿ ಕಣ್ಣಳತೆಯ ಇಳಿತಕ್ಕೆ ಅನುಮತಿ ನೀಡುವುದನ್ನು ಅಮೆರಿಕದ ವಾಯುಯಾನ ಆಡಳಿತ ನಿಲ್ಲಿಸಿತು. ಅಪಾಯವು ಚಾಲಕರ ಅಜಾಗ್ರತೆಯಲ್ಲಷ್ಟೇ ಅಲ್ಲ, ವ್ಯವಸ್ಥೆಯಲ್ಲಿಯೂ ಇತ್ತೆಂದು ಈ ಕ್ರಮವೇ ಒಪ್ಪಿಕೊಂಡಂತಾಯಿತು.

ಇದೇ ಬಗೆಯ ಪಾಠವನ್ನು 2025ರ ಜನವರಿ 29ರಂದು ವಾಷಿಂಗ್ಟನ್ ಬಳಿ ನಡೆದ ಘರ್ಷಣೆ ಕಠೋರವಾಗಿ ಕಲಿಸಿತು. ಸೇನಾ ಹೆಲಿಕಾಪ್ಟರಿನ ಸಿಬ್ಬಂದಿ ತಮಗೆ ಪ್ರಯಾಣಿಕ ವಿಮಾನವು ಕಾಣುತ್ತಿದೆಯೆಂದು ಹೇಳಿ ಅಂತರದ ಹೊಣೆಯನ್ನು ತಾವೇ ವಹಿಸಿಕೊಂಡಿದ್ದರು. ಅದರ ಮರುಗಳಿಗೆಯಲ್ಲಿ ಡಿಕ್ಕಿಯಾಗಿ 67 ಮಂದಿ ಮಡಿದರು. ರಾತ್ರಿಯ ಬೆಳಕುಗಳ ಸಂತೆಯಲ್ಲಿ “ಕಂಡಿತು” ಎಂಬ ಮಾತಿನ ಬೆಲೆ ಎಷ್ಟೆಂಬ ಪ್ರಶ್ನೆ ಅಂದಿನಿಂದ ಇನ್ನಷ್ಟು ಗಂಭೀರವಾಗಿದೆ.

ಎರಡೂ ಪಕ್ಷಗಳ ವಾದ

ಚಾಲಕನೆಂದ ಮೇಲೆ ಹಗಲಿನಲ್ಲಿ ಕಾಣುತ್ತಿರುವ ರನ್‌ವೇಯಲ್ಲಿ ವಿಮಾನವನ್ನು ಇಳಿಸಲು ಬಾರದಿದ್ದರೆ ಹೇಗೆ ಎಂದು ಒಂದು ಪಕ್ಷ ಕೇಳುತ್ತದೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಉಪಕರಣಗಳು ಕೈಕೊಟ್ಟ ದಿನ ನಮ್ಮನ್ನು ಕಾಪಾಡುವುದು ಚಾಲಕನ ಕೈಚಳಕವೇ. 2013ರ ಬೇಸಿಗೆಯಲ್ಲಿ ಅದೇ ರನ್‌ವೇಗೆ, ಅದೇ ಕೊರತೆಯ ನಡುವೆ ಬಂದ ಇತರ ವಿಮಾನಗಳು ಸುರಕ್ಷಿತವಾಗಿಯೇ ಇಳಿದಿದ್ದವು. ಆ ದುರಂತಕ್ಕೆ ಆರು ತಿಂಗಳು ಮೊದಲೇ ಅಮೆರಿಕದ ವಾಯುಯಾನ ಆಡಳಿತವು, ಚಾಲಕರು ಕೈಯಿಂದ ಹಾರಿಸುವ ಅಭ್ಯಾಸವನ್ನು ಉಳಿಸಿಕೊಳ್ಳುವಂತೆ ಸಂಸ್ಥೆಗಳು ಪ್ರೋತ್ಸಾಹಿಸಬೇಕೆಂದು ಸಲಹೆ ನೀಡಿತ್ತು. ಮೇಲಾಗಿ, ವಿಷುವಲ್ ಅಪ್ರೋಚ್ ಬೇಡವೆಂದು ಹೇಳುವ ಪೂರ್ಣ ಹಕ್ಕು ಚಾಲಕನಿಗಿದೆ. ವಿಮಾನದ ಸುರಕ್ಷತೆಯ ವಿಷಯದಲ್ಲಿ ಅಂತಿಮ ಅಧಿಕಾರ ಕಮಾಂಡರನದೇ ಎಂಬುದು ಅಂತರರಾಷ್ಟ್ರೀಯ ನಿಯಮ.

ಇನ್ನೊಂದು ಪಕ್ಷದ ಉತ್ತರವೂ ತೂಕದ್ದೇ. ಕಾಗದದ ಮೇಲಿನ ಹಕ್ಕು ಬೇರೆ, ಚಲಾಯಿಸಬಲ್ಲ ಹಕ್ಕು ಬೇರೆ. 2023ರ ಅಕ್ಟೋಬರಿನಲ್ಲಿ ಮ್ಯೂನಿಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಲುಫ್ತಾನ್ಸಾ ವಿಮಾನದ ಚಾಲಕರು, ರಾತ್ರಿ ಹೊತ್ತು ಕಣ್ಣಳತೆಯಿಂದ ಅಂತರ ಕಾಯಲು ತಮ್ಮ ಸಂಸ್ಥೆಯ ನಿಯಮ ಒಪ್ಪುವುದಿಲ್ಲವೆಂದು ವಿನಯದಿಂದ ತಿಳಿಸಿದರು. ಪರಿಣಾಮವಾಗಿ ದಟ್ಟಣೆಯ ಸಾಲಿನಲ್ಲಿ ಅವರಿಗೆ ಸ್ಥಳ ಸಿಗದೆ, ಆಕಾಶದಲ್ಲಿ ಕಾದು, ಕೊನೆಗೆ ಪಕ್ಕದ ಓಕ್‌ಲ್ಯಾಂಡ್‌ನಲ್ಲಿ ಇಳಿಯಬೇಕಾಯಿತು. ಹಕ್ಕನ್ನು ಚಲಾಯಿಸಿದವನು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾದರೆ, ಇಂಧನ ಕಡಿಮೆಯಾಗುತ್ತಿರುವಾಗ ಎಷ್ಟು ಮಂದಿ ಅದನ್ನು ಚಲಾಯಿಸಿಯಾರು?

ಎರಡನೆಯದು ಸಂಸ್ಥೆಗಳ ಇಬ್ಬಗೆ. ದಿನನಿತ್ಯ ಯಂತ್ರವನ್ನೇ ಬಳಸು ಎಂದು ಹೇಳುತ್ತ, ಒಂದು ದಿನ ಇದ್ದಕ್ಕಿದ್ದಂತೆ ಕೈಯಿಂದಲೇ ಇಳಿಸು ಎಂದರೆ ಅದು ಈಜು ಕಲಿಸದೆ ನೀರಿಗೆ ತಳ್ಳಿದಂತೆ. ಮೂರನೆಯದು ಮನುಷ್ಯನ ಕಣ್ಣಿನ ಮಿತಿ. ಅಗಲ ಕಡಿಮೆಯಿರುವ ರನ್‌ವೇ ಕಂಡಾಗ ತಾನು ಹೆಚ್ಚು ಎತ್ತರದಲ್ಲಿದ್ದೇನೆಂದು ಚಾಲಕನಿಗೆ ಭ್ರಮೆಯಾಗುತ್ತದೆ. ಸುತ್ತ ಕತ್ತಲೆಯಿದ್ದು ರನ್‌ವೇಯ ದೀಪಗಳು ಮಾತ್ರ ಕಂಡಾಗಲೂ ಹಾಗೆಯೇ. ಭ್ರಮೆಯನ್ನು ನಂಬಿದರೆ ವಿಮಾನವು ಅಗತ್ಯಕ್ಕಿಂತ ಕೆಳಗಿಳಿಯುತ್ತದೆ. ಇದು ಅಜ್ಞಾನವಲ್ಲ, ದೃಷ್ಟಿಯ ಸ್ವಭಾವ.

ಹಾಗಾದರೆ ನ್ಯಾಯ ಯಾವುದು?

ಈ ಎಲ್ಲ ಸಂಗತಿಗಳನ್ನು ತೂಗಿ ನೋಡಿದಾಗ, ಕಣ್ಣಳತೆಯ ಇಳಿತವೇ ಅನ್ಯಾಯವೆಂದು ಹೇಳಲಾಗದು. ಅದು ಚಾಲಕನ ಮೂಲವಿದ್ಯೆ. ಅದನ್ನು ಕೈಬಿಟ್ಟರೆ ವಿದ್ಯೆಯೇ ನಶಿಸುತ್ತದೆ. ಅನ್ಯಾಯವಾಗುವುದು ಹೊರೆಗಳನ್ನು ಒಂದರ ಮೇಲೊಂದು ಪೇರಿಸಿದಾಗ. ಎತ್ತರದ ಸೂಚಕವಿಲ್ಲ, ವೇಗವನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು, ಪಕ್ಕದಲ್ಲಿ ಇನ್ನೊಂದು ವಿಮಾನ, ಹತ್ತು ಗಂಟೆಗಳ ಪ್ರಯಾಣದ ದಣಿವು, ಬೇಡವೆಂದರೆ ಸಾಲಿನ ಕೊನೆ. ಇವುಗಳಲ್ಲಿ ಒಂದೊಂದನ್ನೂ ನುರಿತ ಚಾಲಕನು ನಿಭಾಯಿಸಬಲ್ಲನು. ಎಲ್ಲವೂ ಕೂಡಿದಾಗ, ನಿಲ್ದಾಣದ ದಟ್ಟಣೆಯ ಬೆಲೆಯನ್ನು ಇಬ್ಬರು ಚಾಲಕರ ಗಮನಶಕ್ತಿಯಿಂದ ವಸೂಲು ಮಾಡಿದಂತಾಗುತ್ತದೆ.

ಪರಿಹಾರಗಳು ಅಸಾಧ್ಯವೇನಲ್ಲ. ಕಣ್ಣಳತೆಯಲ್ಲಿ ಇಳಿಯುವಾಗಲೂ ಉಪಗ್ರಹ ಅಥವಾ ರೇಡಿಯೋ ಆಧಾರಿತ ಎತ್ತರದ ಸೂಚನೆಯನ್ನು ಹಿನ್ನೆಲೆಯಲ್ಲಿ ಇರಿಸಿಕೊಳ್ಳುವುದು ಅವುಗಳಲ್ಲಿ ಮೊದಲನೆಯದು. ನಮ್ಮ ದೇಶವು ಇಸ್ರೋ ಹಾಗೂ ವಿಮಾನ ನಿಲ್ದಾಣ ಪ್ರಾಧಿಕಾರಗಳ ಸಹಯೋಗದಲ್ಲಿ ರೂಪಿಸಿರುವ ‘ಗಗನ್’ ವ್ಯವಸ್ಥೆಯು ಈ ದಿಕ್ಕಿನಲ್ಲಿ ಹೆಮ್ಮೆಯ ಸಾಧನೆ. ನೆಲದ ಮೇಲೆ ದುಬಾರಿ ಉಪಕರಣಗಳಿಲ್ಲದ ಚಿಕ್ಕ ನಿಲ್ದಾಣದಲ್ಲಿಯೂ ಉಪಗ್ರಹದ ನೆರವಿನಿಂದ ಎತ್ತರದ ಮಾರ್ಗದರ್ಶನ ನೀಡಬಲ್ಲ ವ್ಯವಸ್ಥೆಯಿದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎ.ಟಿ.ಆರ್. ವಿಮಾನವು ಹೀಗೆ ಇಳಿದು ತೋರಿಸಿದೆ. ಕೈಯಿಂದ ಹಾರಿಸುವ ನಿಯತ ಅಭ್ಯಾಸ, “ಆಗದು” ಎಂದ ಚಾಲಕನಿಗೆ ದಂಡನೆಯಾಗದಂತಹ ವೇಳಾಪಟ್ಟಿ, 500 ಅಡಿಯ ಎತ್ತರದಲ್ಲಿ ವೇಗ ಮತ್ತು ಇಳಿಜಾರು ಹದಕ್ಕೆ ಬಾರದಿದ್ದರೆ ಎರಡನೆಯ ಯೋಚನೆಯಿಲ್ಲದೆ ಮೇಲೇರುವ ಶಿಸ್ತು ಇವೂ ಅಷ್ಟೇ ಮುಖ್ಯ. ಏಷಿಯಾನಾ ವಿಮಾನ 500 ಅಡಿಯಲ್ಲಿದ್ದಾಗ ವೇಗ ಸರಿಯಾಗಿಯೇ ಕಂಡಿತ್ತು, ಆದರೆ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವಿಮಾನ ನಿಮಿಷಕ್ಕೆ ಸುಮಾರು 1200 ಅಡಿಯಂತೆ ಕುಸಿಯುತ್ತಿತ್ತು. ಅಂದು ಆ ಶಿಸ್ತನ್ನು ಪಾಲಿಸಿದ್ದರೆ ಇಂದು ಆ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ಕೊನೆಯದಾಗಿ ಪ್ರಯಾಣಿಕರಾದ ನಮ್ಮ ಕರ್ತವ್ಯವೂ ಒಂದಿದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಳಿಯುವ ಹೊತ್ತಿನಲ್ಲಿ ವಿಮಾನವು ಇದ್ದಕ್ಕಿದ್ದಂತೆ ಗರ್ಜಿಸಿ ಮೇಲೇರಿದಾಗ ನಾವು ಗಾಬರಿಗೊಳ್ಳುತ್ತೇವೆ, ಗಡಿಯಾರ ನೋಡಿ ಗೊಣಗುತ್ತೇವೆ. ಅದು ಸೋಲಲ್ಲ, ತನಗೆ ಕಂಡದ್ದನ್ನು ಪ್ರಮಾಣಿಸಿ ನೋಡಿದ ಚಾಲಕನ ವಿವೇಕ. ಬಾಗಿಲ ಬಳಿ ಅವರು ನಿಂತಿದ್ದರೆ ಇಳಿಯುವಾಗ ಒಂದು ನಮಸ್ಕಾರ ಹೇಳೋಣ. ಕಾಲು ಗಂಟೆ ತಡವಾಗಿ ಮನೆ ಸೇರಿದವರನ್ನು ಯಾವ ಮನೆಯವರೂ ಏಕೆ ತಡವೆಂದು ಬಹಳ ಹೊತ್ತು ಕೇಳುವುದಿಲ್ಲ.